ಗಣಕಯಂತ್ರದ ಅಡುಗೆಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈಗಿನ ಹುಡುಗರು ಆ ಪಟ್ಟಿಗೆ ಇನ್ನೊಂದನ್ನು ಸೇರಿಸಿದ್ದಾರೆ: ಕಂಪ್ಯೂಟರ್ ಕಟ್ಟಿ ನೋಡು! ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದನ್ನು ಬಿಟ್ಟು, ಪ್ರೊಸೆಸರ್ ಒಂದು ಕಡೆಯಿಂದ, ಮದರ್‌ಬೋರ್ಡ್ ಇನ್ನೊಂದು ಕಡೆಯಿಂದ, ಮೆಮೊರಿ ಮತ್ತೊಂದು ಕಡೆಯಿಂದ ತಂದು ಮನೆಯಲ್ಲೇ ಜೋಡಿಸುವ ಉತ್ಸಾಹ ನಮ್ಮ ಪಿಂಪ್ರಿ-ಚಿಂಚವಾಡದ ಕನ್ನಡ ಮನೆಗಳಲ್ಲೂ ಸಾಕಷ್ಟಿದೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾದಂದಿನಿಂದ ಇದು ಕಾರ್ಖಾನೆಗಳ ಊರು. ಅಪ್ಪ ಸ್ಪ್ಯಾನರ್ ಹಿಡಿದ ಮನೆಯಲ್ಲಿ ಮಗ ಸ್ಕ್ರೂಡ್ರೈವರ್ ಹಿಡಿಯದೆ ಇರುತ್ತಾನೆಯೇ? ನಮ್ಮ ದೇಶದ ಮೊದಲ ಸೂಪರ್ ಕಂಪ್ಯೂಟರ್ ಎನಿಸಿದ ‘ಪರಮ್ 8000’ ಕೂಡ 1991ರಲ್ಲಿ ಸಿದ್ಧವಾದದ್ದು ಪಕ್ಕದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿಯೇ.

ಆದರೆ ಹೀಗೆ ಕಟ್ಟುವವರ ಖರ್ಚಿನ ಪಟ್ಟಿಯನ್ನು ಒಮ್ಮೆ ನೋಡಬೇಕು. ಮೊದಲು ಪ್ರೊಸೆಸರ್, ಆಮೇಲೆ ಗ್ರಾಫಿಕ್ಸ್ ಕಾರ್ಡು, ಅದರ ಕೆಳಗೆ ಮಾನಿಟರ್, ಕೀಬೋರ್ಡು, ಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ಟು. ಎಲ್ಲ ಮುಗಿದ ಮೇಲೆ, ಉಳಿದ ಚಿಲ್ಲರೆಯಲ್ಲಿ ಪವರ್ ಸಪ್ಲೈ! ಎಷ್ಟೋ ಸಲ ಅದೂ ಇಲ್ಲ, ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯಾಗಿ ಬಂದದ್ದೇ ಸಾಕೆಂದು ಬಿಟ್ಟುಬಿಡುತ್ತಾರೆ. ಮದುವೆಗೆ ಛತ್ರ, ಸೀರೆ, ಬ್ಯಾಂಡಿಗೆಲ್ಲ ಧಾರಾಳವಾಗಿ ಖರ್ಚು ಮಾಡಿ ಕೊನೆಗೆ ಅಡುಗೆಯವರ ಹತ್ತಿರ ಚೌಕಾಸಿಗೆ ಕೂತಂತೆ ಇದು. ಊಟ ಕೆಟ್ಟರೆ ಬಂದವರು ಛತ್ರದ ಅಲಂಕಾರವನ್ನು ನೆನೆಯುತ್ತಾರೆಯೇ?

ಅಡುಗೆಯ ಹೋಲಿಕೆ ಸುಮ್ಮನೆ ತಂದದ್ದಲ್ಲ. ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತದ ಎ.ಸಿ. ವಿದ್ಯುತ್ತು. ಅದು ಗೋದಾಮಿನ ಗೋಧಿಯ ಚೀಲವಿದ್ದಂತೆ. ಕಂಪ್ಯೂಟರಿನ ಒಳಗಿನವರು ಯಾರೂ ಅದನ್ನು ಹಾಗೆಯೇ ತಿನ್ನುವವರಲ್ಲ. ಒಬ್ಬರಿಗೆ 12 ವೋಲ್ಟು, ಇನ್ನೊಬ್ಬರಿಗೆ 5, ಮತ್ತೊಬ್ಬರಿಗೆ 3.3, ಅದೂ ಡಿ.ಸಿ. ಆಗಿರಬೇಕು, ಏರಿಳಿತ ಇರಕೂಡದು. ಈ ಬೀಸುವ, ಸೋಸುವ, ಬೇಯಿಸಿ ಬಡಿಸುವ ಕೆಲಸವೆಲ್ಲ ಹಿಂಬದಿಯ ಒಂದು ತಗಡಿನ ಡಬ್ಬಿಯಲ್ಲಿ ನಡೆಯುತ್ತದೆ. ನಮ್ಮ ಅಂಗಡಿಗಳಲ್ಲಿ ಅದಕ್ಕೆ ಎಸ್‌ಎಂಪಿಎಸ್ ಎಂದೇ ಹೆಸರು, ಅಂದರೆ ಸ್ವಿಚ್ಡ್ ಮೋಡ್ ಪವರ್ ಸಪ್ಲೈ. ಬಂದ ವಿದ್ಯುತ್ತನ್ನು ಅದು ಮೊದಲು ಸುಮಾರು 325 ವೋಲ್ಟಿನ ಡಿ.ಸಿ.ಯಾಗಿ ಮಾಡಿ ಒಂದು ದಪ್ಪ ಕೆಪ್ಯಾಸಿಟರಿನಲ್ಲಿ ತುಂಬಿಡುತ್ತದೆ. ಆಮೇಲೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿಸಿ, ನಯಮಾಡಿ ಬಡಿಸುತ್ತದೆ. ಹಳೆಯ ರೇಡಿಯೋಗಳಲ್ಲಿದ್ದಂಥ ಕಬ್ಬಿಣದ ಭಾರದ ಟ್ರಾನ್ಸ್‌ಫಾರ್ಮರ್ ಇದಕ್ಕೆ ಬೇಕಿಲ್ಲ. 1977ರ ಆಪಲ್ 2 ಈ ವಿಧಾನವನ್ನು ಮನೆಯ ಕಂಪ್ಯೂಟರಿಗೆ ತಂದ ಮೊದಲಿಗರ ಸಾಲಿನಲ್ಲಿದೆ. 1981ರ ಐಬಿಎಂ ಪಿಸಿಯ ಸಪ್ಲೈ ಬರೀ 63.5 ವ್ಯಾಟಿನದು! ಈಗ 450, 550 ಎಂಬುದು ಸಾಮಾನ್ಯ ಮಾತು.

ಈ ಡಬ್ಬಿ ಕೆಟ್ಟರೆ ಏನಾಗುತ್ತದೆ? ಹೆಚ್ಚೆಂದರೆ ಕಂಪ್ಯೂಟರ್ ನಿಲ್ಲುತ್ತದೆ, ಬೇರೆ ಡಬ್ಬಿ ಹಾಕಿದರಾಯಿತು ಎಂದು ಅನೇಕರು ತಿಳಿದಿದ್ದಾರೆ. ಒಳ್ಳೆಯ ಡಬ್ಬಿಯಾದರೆ ಹಾಗೆಯೇ ಆಗುತ್ತದೆ, ತಾನು ಸಾಯುತ್ತದೆ, ಉಳಿದವರನ್ನು ಬದುಕಿಸುತ್ತದೆ. ಕಳಪೆ ಡಬ್ಬಿ ಹಾಗಲ್ಲ. ಇದನ್ನು ನಮ್ಮ ಸೊಸೈಟಿಯಲ್ಲೇ ಕಣ್ಣಾರೆ ಕಂಡಿದ್ದೇವೆ.

ಪಕ್ಕದ ವಿಂಗಿನಲ್ಲಿ ಗದಗ ಕಡೆಯ ಒಬ್ಬರು ಕಾಕಾ ಇದ್ದಾರೆ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರು ಹಿಡಿದ ಕೆಲಸವೆಂದರೆ ತಮ್ಮ ತಾಯಿಯ ಹಾಡುಗಳನ್ನು ಉಳಿಸುವುದು. ಬೀಸುವಾಗಿನ ಪದ, ಸೋಬಾನೆ, ತೊಟ್ಟಿಲ ಹಾಡು – ಆ ತಾಯಿ ತೀರಿಕೊಳ್ಳುವ ಮೊದಲು ಊರಲ್ಲಿ ಟೇಪ್ ರೆಕಾರ್ಡರ್ ಇಟ್ಟು ಏಳೆಂಟು ಕ್ಯಾಸೆಟ್ ತುಂಬಿಸಿಕೊಂಡಿದ್ದರಂತೆ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದರು. ಒಂದು ಗುರುವಾರ. ನಮ್ಮಲ್ಲಿ ಗುರುವಾರ ದುರಸ್ತಿಗೆಂದು ಕರೆಂಟು ಹೋಗುವುದು ಹೊಸದಲ್ಲವಷ್ಟೇ. ಸಂಜೆ ಕರೆಂಟು ಬಂತು, ಕಾಕಾ ಸ್ವಿಚ್ ಒತ್ತಿದರು, ‘ಟಪ್’ ಎಂದಿತು. ಸುಟ್ಟ ವಾಸನೆ ಮಹಡಿಯ ಮೆಟ್ಟಿಲವರೆಗೂ ಬಂದಿತ್ತು.

ಆ ಕಂಪ್ಯೂಟರಿನಲ್ಲಿದ್ದದ್ದು ಕ್ಯಾಬಿನೆಟ್ಟಿನ ಜೊತೆಗೆ ಬಂದ ಎಸ್‌ಎಂಪಿಎಸ್ಸು. ಸಾಯುವಾಗ ಅದು 12 ವೋಲ್ಟಿನ ತಂತಿಯಲ್ಲಿ ಎಷ್ಟೋ ಹೆಚ್ಚಿನ ವೋಲ್ಟೇಜನ್ನು ಕಳಿಸಿ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಬೋರ್ಡಿನ ಮಾತು ಬಿಡಿ, ದುಡ್ಡಿಗೆ ಸಿಗುತ್ತದೆ. ಡಿಸ್ಕಿನಲ್ಲಿ ಅವರ ಅವ್ವನ ದನಿ ಇತ್ತು. ಕ್ಯಾಸೆಟ್ಟುಗಳನ್ನು ಆಗಲೇ ರದ್ದಿಯವನಿಗೆ ಕೊಟ್ಟಾಗಿತ್ತು. ಎರಡು ದಿನ ಕಾಕಾ ಯಾರ ಜೊತೆಗೂ ಮಾತಾಡಲಿಲ್ಲ. ಚಿಂಚವಾಡ ಸ್ಟೇಷನ್ ಹತ್ತಿರದ ರಿಪೇರಿಯ ಹುಡುಗನೊಬ್ಬ ಡಿಸ್ಕಿನ ಅಡಿಯ ಹಸಿರು ಹಾಳೆಯನ್ನು ಬಿಚ್ಚಿ ನೋಡಿ, “ಕಾಕಾ, ಇದು ನಿಮ್ಮ ಡಿಸ್ಕಿನ ಕಾವಲುಗಾರ, ಇವನು ಸತ್ತಿದ್ದಾನೆ, ಡಿಸ್ಕು ಸತ್ತಿಲ್ಲ” ಎಂದನಂತೆ. ಅದರ ಹೆಸರು ಟಿವಿಎಸ್ ಡಯೋಡು (ಮೊಪೆಡ್ಡಿಗೂ ಇದಕ್ಕೂ ಸಂಬಂಧವಿಲ್ಲ!). ವೋಲ್ಟೇಜು ಮಿತಿಮೀರಿದಾಗ ಅದನ್ನು ತಾನೇ ಮೈಮೇಲೆ ಎಳೆದುಕೊಂಡು ಶಾರ್ಟ್ ಆಗಿ, ಒಳಗಿನವರನ್ನು ಕಾಯುವ ಒಂದು ಕಾಳಿನಷ್ಟು ಚಿಕ್ಕ ಬಿಡಿಭಾಗ. ಸುಟ್ಟ ಅದನ್ನು ತೆಗೆದುಹಾಕಿ ಬೇರೆ ಒಳ್ಳೆಯ ಸಪ್ಲೈಯಿಂದ ಚಾಲೂ ಮಾಡಿದಾಗ ಡಿಸ್ಕು ತಿರುಗಿತು. ಹಾಡುಗಳನ್ನೆಲ್ಲ ಅಲ್ಲೇ ಕೂತು ಎರಡು ಬೇರೆ ಬೇರೆ ಡಿಸ್ಕಿಗೆ ಇಳಿಸಿಕೊಂಡು ಬಂದರು. ಎಲ್ಲರಿಗೂ ಹೀಗೆ ಅದೃಷ್ಟ ಕೈಹಿಡಿಯುತ್ತದೆ ಎನ್ನುವ ಹಾಗಿಲ್ಲ. ಡಿಸ್ಕಿನ ಒಳಗಿನ ಭಾಗಕ್ಕೇ ಪೆಟ್ಟು ಬಿದ್ದಿದ್ದರೆ ಆ ಹುಡುಗನ ಕೈಯಲ್ಲೂ ಏನೂ ಇರುತ್ತಿರಲಿಲ್ಲ.

ಒಳ್ಳೆಯ ಡಬ್ಬಿಯಲ್ಲಿ ಇಂಥ ಕಾವಲು ಒಳಗೇ ಇರುತ್ತದೆ. ವೋಲ್ಟೇಜು ಏರಿದರೆ, ಕರೆಂಟು ಹೆಚ್ಚಾದರೆ, ಎಲ್ಲಾದರೂ ಶಾರ್ಟ್ ಆದರೆ ತಾನೇ ಬಂದ್ ಆಗುವ ವ್ಯವಸ್ಥೆ ಅದು. ಇವೆಲ್ಲ ಪೆಟ್ಟಿಗೆಯ ಮೇಲೆ ಓವಿಪಿ, ಓಸಿಪಿ, ಎಸ್‌ಸಿಪಿ ಎಂದು ಅಚ್ಚಾಗಿರುತ್ತವೆ. ಅಗ್ಗದ ಡಬ್ಬಿಯಲ್ಲಿ ದುಡ್ಡು ಉಳಿಸಲು ಮೊದಲು ಕೈಬಿಡುವುದು ಇವನ್ನೇ. ಯಾಕೆಂದರೆ ಇವಿಲ್ಲದೆಯೂ ಕಂಪ್ಯೂಟರ್ ನಡೆಯುತ್ತದೆ, ನಡೆಯುವಷ್ಟು ದಿನ.

ಈ ಸಲ ದೀಪಾವಳಿ ಮುಗಿದ ಮೇಲೆ ನನ್ನ ಅಕ್ಕನ ಮಗ ಧಾರವಾಡದಿಂದ ಬಂದಿದ್ದ. ಆಕುರ್ಡಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ಹಾಸ್ಟೆಲಿನ ಊಟ ಬೇಸರವಾಗಿ ನಮ್ಮಲ್ಲೇ ಇದ್ದಾನೆ. ಕಂಪ್ಯೂಟರ್ ಕಟ್ಟುವ ಹುರುಪು ಅವನದು, ಲೈಟ್ ಬಿಲ್ಲು ತುಂಬುವವರು ನಾವು. ಹಾಗಾಗಿ ಪಟ್ಟಿ ನೋಡುವ ಅಧಿಕಾರ ನನಗೂ ಇತ್ತು! ಬಿ.ಎ.ಯಲ್ಲಿ ಷೇಕ್ಸ್‌ಪಿಯರನನ್ನು ಓದಿದವಳಿಗೆ ಆಂಪಿಯರಿನ ಉಸಾಬರಿ ಯಾಕೆಂದು ನಮ್ಮವರು ನಕ್ಕರು. ಆದರೆ ದಿನಸಿ ಅಂಗಡಿಯಲ್ಲಿ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದುವ ಅಭ್ಯಾಸವಿದ್ದವರಿಗೆ ಎಸ್‌ಎಂಪಿಎಸ್ಸಿನ ಚೀಟಿ ಓದುವುದೇನು ಕಷ್ಟವಲ್ಲ.

ಹುಡುಗ 850 ವ್ಯಾಟು ಬೇಕೆಂದ. “ಮೌಶಿ, ವ್ಯಾಟ್ ಜಾಸ್ತಿ ಇದ್ದಷ್ಟೂ ಛಲೋ ಅಲ್ಲೇನು?”

“ನಾಲ್ಕು ಮಂದಿ ಮನಿಗೆ ನಲವತ್ತು ಮಂದಿ ಅನ್ನದ ಗುಂಡಿ ಯಾಕೋ? ತಳದಾಗ ಅನ್ನ ಹತ್ತತದ, ಗ್ಯಾಸೂ ದಂಡ” ಎಂದೆ. ಆಮೇಲೆ ಇಬ್ಬರೂ ಕೂತು ಕಾಗದದ ಮೇಲೆ ಕೂಡಿಸಿದೆವು. 65 ವ್ಯಾಟ್ ವರ್ಗದ ಪ್ರೊಸೆಸರು ಪೂರ್ತಿ ದುಡಿಯುವಾಗ 80ರಿಂದ 120 ವ್ಯಾಟ್ ಎಳೆಯಬಹುದು. ಅವನು ಆಸೆಪಟ್ಟ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿಗೆ 115. ಮದರ್‌ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆಲ್ಲ ಸೇರಿ 50, 60. ಒಟ್ಟು 300ರ ಒಳಗೇ ಬಂತು. ಗ್ರಾಫಿಕ್ಸ್ ಕಾರ್ಡುಗಳು ಕ್ಷಣಮಾತ್ರಕ್ಕೆ ಒಮ್ಮೆಲೇ ಹೆಚ್ಚು ಎಳೆಯುತ್ತವೆ, ಅದಕ್ಕೊಂದಿಷ್ಟು ಬಿಡುವು ಬೇಕು. ಆ ಕಾರ್ಡು ತಯಾರಿಸಿದವರೇ 550 ವ್ಯಾಟಿನ ಸಪ್ಲೈ ಸಾಕೆಂದು ಹೇಳಿದ್ದಾರೆ. ಗ್ರಾಫಿಕ್ಸ್ ಕಾರ್ಡೇ ಇಲ್ಲದ, ಬರೀ ಬರವಣಿಗೆ, ಬ್ಯಾಂಕು, ಸಿನಿಮಾಕ್ಕೆ ಬಳಸುವ ಕಂಪ್ಯೂಟರಾದರೆ 450 ಧಾರಾಳವಾಯಿತು. ಅದಕ್ಕಿಂತ ಚಿಕ್ಕ ಒಳ್ಳೆಯ ಡಬ್ಬಿ ಪೇಟೆಯಲ್ಲಿ ಸುಲಭವಾಗಿ ಸಿಗುವುದಿಲ್ಲ, ಅಷ್ಟೇ.

ಇನ್ನು ಈ ವ್ಯಾಟುಗಳ ನಿಜವೆಷ್ಟು ಎಂಬ ಪ್ರಶ್ನೆ. ನಾವಿಬ್ಬರೂ ಪುಣೆಯ ತಾಪಕೀರ್ ಗಲ್ಲಿಗೆ ಹೋದೆವು. ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯ ಚಿಕ್ಕ ತಂಗಿ ಎನ್ನಬಹುದಾದ ಗಲ್ಲಿ ಅದು, ಸೈಕಲ್ಲು, ಕೈಗಾಡಿ, ತಂತಿಯ ಸುರುಳಿಗಳ ನಡುವೆ ಕಾಲಿಡಲು ಜಾಗ ಹುಡುಕಬೇಕು. ಒಂದು ಅಂಗಡಿಯಲ್ಲಿ 500 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದ ಡಬ್ಬಿಯನ್ನು ಎಂಟುನೂರು ರೂಪಾಯಿಗೆ ತೋರಿಸಿದರು. ಎತ್ತಿದರೆ ಖಾಲಿ ತೆಂಗಿನ ಚಿಪ್ಪಿನಷ್ಟು ಹಗುರ. ಬದಿಯ ಚೀಟಿಯಲ್ಲಿ 12 ವೋಲ್ಟಿನ ಎದುರು 14 ಆಂಪಿಯರ್ ಎಂದಿತ್ತು. ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ವ್ಯಾಟು ಬರುತ್ತದೆ: 168. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡುಗಳೆರಡೂ ಉಣ್ಣುವುದು 12 ವೋಲ್ಟಿನ ಸಾಲಿನಿಂದಲೇ. ಉಳಿದ ವ್ಯಾಟನ್ನು 5 ಮತ್ತು 3.3 ವೋಲ್ಟಿನ ಹೆಸರಲ್ಲಿ ತೋರಿಸಿರುತ್ತಾರೆ, ಅದು 1990ರ ದಶಕದ ಕಂಪ್ಯೂಟರುಗಳಿಗೆ ಸರಿಹೋಗುವ ಲೆಕ್ಕ. “ಹಾಗಾದರೆ ಈ ಐದುನೂರು ಎಲ್ಲಿದೆ?” ಎಂದು ಮರಾಠಿಯಲ್ಲಿ ಕೇಳಿದೆ. ಅಂಗಡಿಯವರು ಒಳ್ಳೆಯ ಮನುಷ್ಯರು, ಮುಚ್ಚಿಡಲಿಲ್ಲ. “ಕಾಕು, ತೇ ಫಕ್ತ ನಾವ ಆಹೇ” ಎಂದು ನಕ್ಕುಬಿಟ್ಟರು. ಅದು ಬರೀ ಹೆಸರಂತೆ!

ಒಳ್ಳೆಯ 450 ವ್ಯಾಟಿನ ಡಬ್ಬಿಯಲ್ಲಿ 12 ವೋಲ್ಟಿನ ಎದುರು 35 ಆಂಪಿಯರಿನ ಆಸುಪಾಸು ಇರುತ್ತದೆ, ಎಂದರೆ ಹೆಚ್ಚುಕಡಿಮೆ ಪೂರ್ತಿ ವ್ಯಾಟು ಅದೊಂದೇ ಸಾಲಿನಲ್ಲಿ ಸಿಗುತ್ತದೆ. ಓದುಗರು ಬೇರೇನನ್ನು ಮರೆತರೂ ಈ ಒಂದು ಗುಣಾಕಾರವನ್ನು ಅಂಗಡಿಯಲ್ಲಿ ಮಾಡಿದರೆ ಅರ್ಧ ಕಳಪೆ ಮಾಲು ಅಲ್ಲಿಯೇ ಉಳಿಯುತ್ತದೆ.

ದಕ್ಷತೆಯ ವಿಷಯಕ್ಕೆ ಬರುತ್ತೇನೆ. ಗೋಡೆಯಿಂದ ಎಳೆದ ವಿದ್ಯುತ್ತೆಲ್ಲ ಕಂಪ್ಯೂಟರಿಗೆ ಮುಟ್ಟುವುದಿಲ್ಲ, ಒಂದು ಪಾಲು ಡಬ್ಬಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಈ ಸೋರಿಕೆಯನ್ನು ಅಳೆದು ಗುರುತು ಕೊಡುವ ‘80 ಪ್ಲಸ್’ ಎಂಬ ಯೋಜನೆ 2004ರಲ್ಲಿ ಅಮೆರಿಕೆಯಲ್ಲಿ ಶುರುವಾಯಿತು. ನೂರರಲ್ಲಿ ಕನಿಷ್ಠ 80 ಪಾಲಾದರೂ ಒಳಗೆ ಮುಟ್ಟಬೇಕೆಂಬುದು ಮೂಲ ನಿಯಮ. ಆಮೇಲೆ ಒಲಿಂಪಿಕ್ಸಿನಂತೆ ಕಂಚು, ಬೆಳ್ಳಿ, ಚಿನ್ನ ಬಂದವು, ಅದರ ಮೇಲೆ ಪ್ಲಾಟಿನಂ, ಟೈಟೇನಿಯಂ. ಅಲ್ಲಿನ 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಭಾರ ಹೊತ್ತಾಗ ಕಂಚಿನದು ನೂರಕ್ಕೆ 85, ಚಿನ್ನದ್ದು 90 ಮುಟ್ಟಿಸಬೇಕು. ನಮ್ಮ 230 ವೋಲ್ಟಿನಲ್ಲಿ ಅದೇ ಡಬ್ಬಿ ಸಾಮಾನ್ಯವಾಗಿ ಇನ್ನೂ ತುಸು ಚೆನ್ನಾಗಿಯೇ ನಡೆಯುತ್ತದೆ.

ಹಾಗಾದರೆ ಚಿನ್ನವನ್ನೇ ಕೊಳ್ಳಬೇಕೇ? ಹೆಂಗಸರ ಪತ್ರಿಕೆಯಲ್ಲಾದರೆ ಹೌದೆನ್ನುತ್ತಿದ್ದೆ! ಇಲ್ಲಿ ಲೆಕ್ಕ ಹಾಕಿ ನೋಡೋಣ. ಕಂಪ್ಯೂಟರಿನ ಒಳಗೆ 150 ವ್ಯಾಟು ಬೇಕು, ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ನಡೆಯುತ್ತದೆ ಎಂದುಕೊಳ್ಳಿ. ಮನೆಯಿಂದಲೇ ಕಚೇರಿಯ ಕೆಲಸ ಮಾಡುವವರಿಗೆ ಇದು ಹೆಚ್ಚಲ್ಲ. ನೂರಕ್ಕೆ 70 ಮುಟ್ಟಿಸುವ ಕಳಪೆ ಡಬ್ಬಿ ಗೋಡೆಯಿಂದ 214 ವ್ಯಾಟು ಎಳೆಯುತ್ತದೆ. ಕಂಚಿನದು 176, ಚಿನ್ನದ್ದು 167. ಕಳಪೆಯದರಲ್ಲಿ 64 ವ್ಯಾಟು ಸುಮ್ಮನೆ ಶಾಖವಾಗುತ್ತದೆ, ಹಳೆಯ ಕಾಲದ ಅರವತ್ತರ ಬಲ್ಬೊಂದನ್ನು ಆ ಡಬ್ಬಿಯೊಳಗೆ ಹಗಲೆಲ್ಲ ಉರಿಸಿಟ್ಟಂತೆ. ಕಳಪೆಗೂ ಕಂಚಿಗೂ ವರ್ಷಕ್ಕೆ ಸುಮಾರು 113 ಯೂನಿಟ್ಟಿನ ವ್ಯತ್ಯಾಸ ಬೀಳುತ್ತದೆ. ಲೆಕ್ಕ ಸುಲಭವಾಗಲೆಂದು ಯೂನಿಟ್ಟಿಗೆ 10 ರೂಪಾಯಿ ಹಿಡಿದರೆ 1,130 ರೂಪಾಯಿ. ಒಳ್ಳೆಯ ಕಂಚಿನ ಡಬ್ಬಿಗೆ ಮೂರೂವರೆ ಸಾವಿರ ಕೊಟ್ಟರೂ ಹೆಚ್ಚಿಗೆ ಕೊಟ್ಟದ್ದು ಎರಡೂವರೆ ವರ್ಷದೊಳಗೆ ಮರಳಿ ಬರುತ್ತದೆ. ಆದರೆ ಕಂಚಿಗೂ ಚಿನ್ನಕ್ಕೂ ಇರುವ ವ್ಯತ್ಯಾಸ ವರ್ಷಕ್ಕೆ 29 ಯೂನಿಟ್ಟು ಮಾತ್ರ. ಮೇಲೆ ಎರಡೂವರೆ ಸಾವಿರ ಕೊಟ್ಟು ಚಿನ್ನ ಕೊಂಡರೆ ಅದು ಬಿಲ್ಲಿನಲ್ಲಿ ತೀರಲು ಎಂಟು ವರ್ಷ ದಾಟಬೇಕು.

ದಿನಕ್ಕೆ ನಾಲ್ಕು ತಾಸು ಮಾತ್ರ ಬಳಸುವ ಸಾದಾ ಕಂಪ್ಯೂಟರಿನಲ್ಲಿ ಕಂಚಿನ ಉಳಿತಾಯವೂ ವರ್ಷಕ್ಕೆ ಇನ್ನೂರು ರೂಪಾಯಿ ದಾಟುವುದಿಲ್ಲ. ಅಂಥ ಮನೆಯವರು ಬಿಲ್ಲಿನ ಆಸೆಗಾಗಿ ಅಲ್ಲ, ಕಾಕಾ ಅವರಿಗೆ ಆದದ್ದು ತಮಗೆ ಆಗದಿರಲಿ ಎಂದು ಒಳ್ಳೆಯದನ್ನು ಕೊಳ್ಳಬೇಕು. ಚಿನ್ನದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಬಿಡಿಭಾಗಗಳೂ ಮೇಲ್ದರ್ಜೆಯವಾಗಿರುತ್ತವೆ, ಏಳು, ಹತ್ತು ವರ್ಷದ ವಾರಂಟಿಯೂ ಸಿಗುವುದುಂಟು. ಆ ಕಾರಣಕ್ಕೆ ಕೊಂಡರೆ ತಪ್ಪಿಲ್ಲ, ಬಿಲ್ಲು ಉಳಿಯುತ್ತದೆಂದು ಕೊಂಡರೆ ನಿರಾಶೆ.

ದೊಡ್ಡ ಗುಂಡಿಯ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಟೈಟೇನಿಯಂ ಒಂದನ್ನು ಬಿಟ್ಟರೆ ಈ ಗುರುತುಗಳ ಪರೀಕ್ಷೆ ನಡೆಯುವುದು ಕನಿಷ್ಠ ನೂರಕ್ಕೆ 20 ಪಾಲು ಭಾರದ ಮೇಲೆ. ಪತ್ರ ಬರೆಯುವಾಗ 60 ವ್ಯಾಟು ಎಳೆಯುವ ಕಂಪ್ಯೂಟರಿಗೆ 850 ವ್ಯಾಟಿನ ಡಬ್ಬಿ ಹಾಕಿದರೆ ಅದು ನೂರಕ್ಕೆ 7ರ ಭಾರದಲ್ಲಿ ತೂಕಡಿಸುತ್ತಿರುತ್ತದೆ, ಅಲ್ಲಿ ಚಿನ್ನವೂ ಹೊಳೆಯುವುದಿಲ್ಲ. ಇನ್ನೊಂದು ಮಾತು. ಆ ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿಯ ತಂಪು ಕೋಣೆಯಲ್ಲಿ. ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ, ಗೋಡೆಗೆ ಒತ್ತಿ ಇಟ್ಟ ಕ್ಯಾಬಿನೆಟ್ಟಿನ ಒಳಗೆ ಅಂಥ ಹವೆ ಎಲ್ಲಿಂದ ಬರಬೇಕು? ಡಬ್ಬಿಯೊಳಗಿನ ಕೆಪ್ಯಾಸಿಟರುಗಳಿಗೆ ಶಾಖವೇ ಶತ್ರು. ಹತ್ತು ಡಿಗ್ರಿ ತಂಪಾಗಿದ್ದರೆ ಅವುಗಳ ಆಯುಸ್ಸು ಸುಮಾರು ಎರಡರಷ್ಟಾಗುತ್ತದೆ ಎಂಬುದು ಬಲ್ಲವರ ಲೆಕ್ಕ. ಆದ್ದರಿಂದ 105 ಡಿಗ್ರಿಯ ಕೆಪ್ಯಾಸಿಟರ್ ಎಂದು ಬರೆದದ್ದನ್ನು ಹುಡುಕಿ, 85ರದು ಬೇಡ. ಫ್ಯಾನಿನ ಜಾಲರಿಯ ಧೂಳನ್ನು ಹಬ್ಬಕ್ಕೊಮ್ಮೆಯಾದರೂ, ಪ್ಲಗ್ ತೆಗೆದು, ಹೊರಗಿನಿಂದಲೇ ಬ್ರಷ್ಷಿನಿಂದ ಒರೆಸಿ. ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಆ ದಪ್ಪ ಕೆಪ್ಯಾಸಿಟರಿನಲ್ಲಿ ಮುನ್ನೂರು ವೋಲ್ಟು ಕೂತಿರಬಹುದು.

ಇಲ್ಲಿಯವರೆಗೆ ಹೇಳಿದ್ದು ಯಾವ ಊರಿಗೂ ಸಲ್ಲುವ ಮಾತು. ನಮ್ಮ ಮನೆಗಳ ವಿದ್ಯುತ್ತಿಗೆ ತನ್ನದೇ ಸ್ವಭಾವವಿದೆ, ಪರದೇಶದ ಪತ್ರಿಕೆಗಳು ಅದನ್ನು ಬರೆಯುವುದಿಲ್ಲ. 230 ಎಂಬುದು ಕಾಗದದ ಮೇಲಿನ ಸಂಖ್ಯೆ. ಸಂಜೆ ಎಲ್ಲರ ಗೀಸರು, ಮಿಕ್ಸರು, ಎ.ಸಿ. ಒಟ್ಟಿಗೆ ಚಾಲೂ ಆದಾಗ ಅದು ಕುಸಿಯುತ್ತದೆ, ನಡುರಾತ್ರಿ ಏರುತ್ತದೆ. ಹಳೆಯ ಬಲ್ಬು ವೋಲ್ಟೇಜು ಇಳಿದಾಗ ಮಂಕಾಗಿ ಸುಮ್ಮನಾಗುತ್ತಿತ್ತು. ಎಸ್‌ಎಂಪಿಎಸ್ಸು ಹಾಗಲ್ಲ, ಒಳಗಿನವರಿಗೆ ಅಷ್ಟೇ ಬಡಿಸಬೇಕಾದ್ದರಿಂದ ವೋಲ್ಟು ಕಡಿಮೆಯಾದಷ್ಟೂ ಹೆಚ್ಚು ಆಂಪಿಯರು ಎಳೆದು ತಾನು ಬಿಸಿಯಾಗುತ್ತದೆ. ಅದಕ್ಕೇ ಚೀಟಿಯ ಮೇಲೆ ‘ಇನ್‌ಪುಟ್ 100–240 ವೋಲ್ಟ್’ ಎಂದಿರುವುದನ್ನು ಆರಿಸಬೇಕು. ಅದರ ಜೊತೆ ಆಕ್ಟಿವ್ ಪಿಎಫ್‌ಸಿ ಎಂದೂ ಇರುತ್ತದೆ. ಅಂಥದ್ದಕ್ಕೆ ಪ್ರತ್ಯೇಕ ಸ್ಟೆಬಿಲೈಸರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹಿಂದೆ 115, 230 ಎಂದು ಬದಲಿಸುವ ಪುಟ್ಟ ಕೆಂಪು ಸ್ವಿಚ್ ಇರುವ ಡಬ್ಬಿ ಹಳೆಯ ಮಾದರಿಯದು. ಕುತೂಹಲದ ಮೊಮ್ಮಕ್ಕಳು ಅದನ್ನು 115ಕ್ಕೆ ಸರಿಸಿದರೆಂದರೆ ಮುಂದಿನ ಸಲ ಸ್ವಿಚ್ ಒತ್ತಿದಾಗ ಪಟಾಕಿ.

ಇನ್ನೊಂದು ಅಪಾಯವಿದೆ. ಸೊಸೈಟಿಗೆ ಬರುವುದು ಮೂರು ಫೇಜಿನ ವಿದ್ಯುತ್ತು, ಅದು ಮನೆ ಮನೆಗೆ ಒಂದೊಂದು ಫೇಜಾಗಿ ಹಂಚಿಹೋಗುತ್ತದೆ. ಮೀಟರ್ ಕೋಣೆಯಲ್ಲೋ ಕಂಬದಲ್ಲೋ ನ್ಯೂಟ್ರಲ್ ತಂತಿ ಕಡಿದರೆ ಕೆಲವು ಮನೆಗಳಿಗೆ 300, 350, ಕೆಲವೊಮ್ಮೆ ನಾನೂರರ ಹತ್ತಿರದ ವೋಲ್ಟು ನುಗ್ಗಬಹುದು. ಎಷ್ಟೇ ಒಳ್ಳೆಯ ಎಸ್‌ಎಂಪಿಎಸ್ಸೂ ಇದನ್ನು ತಾಳುವುದಿಲ್ಲ. ಇದಕ್ಕೆ ಉಪಾಯ ಡಬ್ಬಿಯಲ್ಲಿಲ್ಲ, ಮನೆಯ ಮುಖ್ಯ ಬೋರ್ಡಿನಲ್ಲಿ ಕೂರಿಸುವ, ವೋಲ್ಟೇಜು ಮಿತಿಮೀರಿದರೆ ತಾನೇ ಕಡಿಯುವ ಉಪಕರಣದಲ್ಲಿದೆ. ಫ್ರಿಜ್ಜು, ಟಿ.ವಿ. ಎಲ್ಲಕ್ಕೂ ಅದು ರಕ್ಷಣೆ.

ಇನ್ವರ್ಟರ್ ಇರುವ ಮನೆಗಳು ಒಂದು ವಿಷಯ ಗಮನಿಸಬೇಕು. ಕರೆಂಟು ಹೋಗಿ ಇನ್ವರ್ಟರು ಕೈಗೆತ್ತಿಕೊಳ್ಳುವ ಆ ಒಂದು ಕ್ಷಣವನ್ನು ಎಸ್‌ಎಂಪಿಎಸ್ಸು ತನ್ನ ಕೆಪ್ಯಾಸಿಟರಿನಲ್ಲಿ ಕೂಡಿಟ್ಟದ್ದರಿಂದ ದಾಟಬೇಕು. ಕಂಪ್ಯೂಟರ್ ಸಪ್ಲೈಗಳ ಎಟಿಎಕ್ಸ್ ಮಾನದಂಡ ಇದಕ್ಕೆ ಹೇಳಿದ್ದು ಸುಮಾರು 17 ಮಿಲಿಸೆಕೆಂಡು, ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ. ಅನೇಕ ಇನ್ವರ್ಟರುಗಳ ಹಿಂದೆ ‘ಯುಪಿಎಸ್’ ಎಂಬ ಆಯ್ಕೆಯ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ, ಹಾಕದಿದ್ದರೆ ನಿಧಾನ, ಫ್ಯಾನು ತಿರುಗುತ್ತಲೇ ಇರುವಾಗ ಕಂಪ್ಯೂಟರ್ ಮಾತ್ರ ಆರಿಹೋಗುತ್ತದೆ. ಎಸ್‌ಎಂಪಿಎಸ್ಸಿನ ಮೇಲೆ ಸಿಟ್ಟಾಗುವ ಮೊದಲು ಆ ಸ್ವಿಚ್ಚನ್ನು ನೋಡಿ. ಆಕ್ಟಿವ್ ಪಿಎಫ್‌ಸಿ ಡಬ್ಬಿಗಳು ಹಳೆಯ ಚೌಕ ಅಲೆಯ ಇನ್ವರ್ಟರಿನ ಮೇಲೆ ಕೆಲವೊಮ್ಮೆ ಮುನಿಸಿಕೊಳ್ಳುತ್ತವೆ, ಶುದ್ಧ ಸೈನ್ ಅಲೆಯದರ ಮೇಲೆ ಆ ತಕರಾರಿಲ್ಲ. ಪ್ರತ್ಯೇಕ ಯುಪಿಎಸ್ ಕೊಳ್ಳುವವರು ವಿಎ ಎಂಬುದನ್ನೇ ವ್ಯಾಟು ಎಂದುಕೊಳ್ಳಬಾರದು. 600 ವಿಎ ಎಂದು ಮಾರುವ ಸಾದಾ ಯುಪಿಎಸ್ ಹೊರುವುದು ಸಾಮಾನ್ಯವಾಗಿ 360 ವ್ಯಾಟು.

ಕೊಳ್ಳುವಾಗ ಮತ್ತೆರಡು ಸಂಗತಿ. ‘80 ಪ್ಲಸ್’ ಚಿಹ್ನೆಯನ್ನು ಹೋಲುವ ಬೇರೆ ಬೇರೆ ಚಿತ್ರಗಳನ್ನು ಅಂಟಿಸಿ ಮಾರುವುದುಂಟು, ಯೋಜನೆಯವರು ಪ್ರಕಟಿಸುವ ಪಟ್ಟಿಯಲ್ಲಿ ಆ ಮಾದರಿಯ ಹೆಸರಿದೆಯೇ ಎಂದು ಮಕ್ಕಳಿಂದ ನೋಡಿಸಿಕೊಳ್ಳಿ. ವಾರಂಟಿ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಡ. ಐದು ವರ್ಷವಿದ್ದರೂ ಕೆಟ್ಟಾಗ ಕೊಂಡುಹೋಗಿ ಕೊಡುವ ಜಾಗ ಪುಣೆಯಲ್ಲಿದೆಯೋ, ಮುಂಬಯಿಗೆ ಪಾರ್ಸೆಲ್ ಕಳಿಸಬೇಕೋ ಎಂಬುದನ್ನು ಮೊದಲೇ ಕೇಳಿ, ಪಕ್ಕಾ ಬಿಲ್ ಪಡೆಯಿರಿ. ಬಿಚ್ಚಿ ಜೋಡಿಸುವ ಕೇಬಲ್ಲುಗಳ ಡಬ್ಬಿಯನ್ನು ಕೊಂಡರೆ, ಅದರ ಕೇಬಲ್ಲುಗಳನ್ನು ಅದಕ್ಕೇ ಮೀಸಲಿಡಿ. ಒಂದು ಕಂಪನಿಯ ಕೇಬಲ್ಲು ಇನ್ನೊಂದರ ಡಬ್ಬಿಗೆ ಸಲೀಸಾಗಿ ಕೂರುತ್ತದೆ, ಆದರೆ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. 5 ವೋಲ್ಟು ಬರಬೇಕಾದಲ್ಲಿ 12 ಬಂದು ಡಿಸ್ಕು ಸುಟ್ಟ ಉದಾಹರಣೆಗಳಿವೆ.

ಕೊನೆಯದಾಗಿ ಅರ್ಥಿಂಗ್. ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಮುಟ್ಟಿದಾಗ ಬೆರಳು ಝುಂ ಎನ್ನುವುದು ಎಷ್ಟೋ ಮನೆಗಳಲ್ಲಿ ಮಾಮೂಲು. “ಎಸ್‌ಎಂಪಿಎಸ್ ಲೀಕ್ ಆಗ್ಯದ” ಎಂದು ಡಬ್ಬಿ ಬದಲಿಸಿದವರೂ ಇದ್ದಾರೆ, ಹೊಸದೂ ಝುಂ ಎನ್ನುತ್ತದೆ! ತಪ್ಪು ಡಬ್ಬಿಯದಲ್ಲ. ಅದರ ಬಾಗಿಲಲ್ಲಿ ವಿದ್ಯುತ್ತಿನ ಗಲಾಟೆಯನ್ನು ಸೋಸುವ ಎರಡು ಪುಟ್ಟ ಕೆಪ್ಯಾಸಿಟರುಗಳಿರುತ್ತವೆ, ಅವು ಸೋಸಿದ್ದನ್ನು ಪ್ಲಗ್ಗಿನ ಮೂರನೆಯ ದಪ್ಪ ಪಿನ್ನಿನ ಮೂಲಕ ಭೂಮಿಗೆ ಬಿಡುತ್ತವೆ. ಆ ದಾರಿಯೇ ಇಲ್ಲದಿದ್ದರೆ ತಗಡಿನ ಮೈಮೇಲೆ ಸುಮಾರು 115 ವೋಲ್ಟು, ಅಂದರೆ ಮನೆಗೆ ಬರುವುದರ ಅರ್ಧ, ನಿಂತುಬಿಡುತ್ತದೆ. ಕರೆಂಟು ಅತ್ಯಲ್ಪವಾದ್ದರಿಂದ ಬರೀ ಝುಂ ಎನ್ನುತ್ತದೆ. ಆದರೆ ಡಬ್ಬಿಯೊಳಗೆ ನಿಜವಾಗಿಯೂ ತಂತಿ ತಗಡಿಗೆ ತಾಗಿದ ದಿನ ಕಾಯುವವರು ಯಾರೂ ಇರುವುದಿಲ್ಲ. ‘ಅರ್ಥ’ವಿಲ್ಲದ ಪ್ಲಗ್ಗಿಗೆ ಆರು ಸಾವಿರದ ಚಿನ್ನದ ಡಬ್ಬಿ ಸಿಕ್ಕಿಸಿ ಫಲವಿಲ್ಲ. ಅದರಲ್ಲೂ ಮೂರು ಪಿನ್ನಿನದನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರನ್ನು ಕಂಪ್ಯೂಟರಿನ ಹತ್ತಿರ ಸುಳಿಯಗೊಡಬೇಡಿ.

ನಮ್ಮ ಸೊಸೈಟಿಯಲ್ಲಿ ಕಾಕಾ ಅವರೇ ಮುಂದಾಗಿ ಎಲೆಕ್ಟ್ರಿಷಿಯನ್ನನ್ನು ಕರೆಸಿ ಎಲ್ಲ ಮನೆಗಳ ಪ್ಲಗ್ಗುಗಳನ್ನು ಪರೀಕ್ಷೆ ಮಾಡಿಸಿದರು. ಹಲವು ಮನೆಗಳಲ್ಲಿ ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಕಟ್ಟಡದ ಹಿಂದಿನ ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆದರೆ ಒಳಗೆ ಇದ್ದಿಲು, ಉಪ್ಪು ಎಲ್ಲ ಒಣಗಿ ಕಲ್ಲಾಗಿತ್ತು. ಮಣ್ಣು ಹಸಿಯಾಗಿದ್ದರೆ ಮಾತ್ರ ಅದು ಕೆಲಸ ಮಾಡುವುದು. ಈಗ ವಾಚ್‌ಮನ್ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅದಕ್ಕೆ ಎರಡು ಬಕೆಟ್ ನೀರು ಹಾಕುತ್ತಾನೆ. ಹುಡುಗನ ಕಂಪ್ಯೂಟರಿಗೆ ಬಂದದ್ದು 550 ವ್ಯಾಟಿನ ಕಂಚಿನ ಡಬ್ಬಿ, ಐದು ವರ್ಷದ ವಾರಂಟಿಯದು. ಬಣ್ಣದ ದೀಪ ಮಾತ್ರ ಅವನು ಬಿಡಲಿಲ್ಲ, ಕ್ಯಾಬಿನೆಟ್ಟಿನ ಫ್ಯಾನಿನಲ್ಲಿ ಹಾಕಿಸಿಕೊಂಡ.